ಒಂಬತ್ತಡಿ ಮಾದೇವಣ್ಣ

ಮಧುವನಹಳ್ಳಿ ಕಡೆ ಪಿಕಪ್ ಇಟ್ಟುಕೊಂಡವನಿಗೆ ಎರಡು ಸಂಸಾರ. ಒಂದು ಮನೆಯೊಳಗಿರುತ್ತದೆ, ಅದರ ತಲೆ ಎಣಿಸಬಹುದು. ಇನ್ನೊಂದು ಬೆಳಗಾಗುವಷ್ಟರಲ್ಲಿ ಗಾಡಿ ಪಕ್ಕ ಬಂದು ನಿಂತಿರುತ್ತದೆ. ಒಬ್ಬರ ಕೈಲಿ ಗೊಬ್ಬರದ ಚೀಟಿ, ಇನ್ನೊಬ್ಬರ ಕಂಕುಳಲ್ಲಿ ಮೇಕೆ ಮರಿ.

ನಮ್ಮವನನ್ನು ಮಾದೇವಣ್ಣ ಅನ್ನೋಣ. ಮಲೆ ಮಹದೇಶ್ವರನ ಸೀಮೆ ಇದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಮಾದೇವ’ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ, ಮಿಕ್ಕವರು ‘ಯಾವ ಮಾದೇವ?’ ಎಂದು ಕೇಳುತ್ತಾರೆ. ಹಾಗಾಗಿ ಟೈಲರ್ ಮಾದೇವ, ಮಿಲ್ ಮಾದೇವ, ಎರಡನೇ ಹೆಂಡ್ತಿ ಮಾದೇವ ಎಂದೆಲ್ಲ ವಿಂಗಡಣೆ ಆಗಿದೆ. ಇವನು ಪಿಕಪ್ ಮಾದೇವಣ್ಣ. ಎರಡೆಕರೆ ಅರಿಶಿನ, ಒಂದೆಕರೆ ಹಿಪ್ಪುನೇರಳೆ, ಮಿಕ್ಕ ಹೊತ್ತೆಲ್ಲ ಬಾಡಿಗೆ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವವನಲ್ಲ. ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನಿಂದ ಪಟ್ಟೆಗಳ ಸಂದಿಗೆ ಸಿಕ್ಕ ಜಲ್ಲಿಕಲ್ಲು ಕೀಳುತ್ತಲೇ ಸಂಬಂಧ ಕುದುರಿಸುತ್ತಾನೆ, ಸಾಲ ಕೇಳುತ್ತಾನೆ, ಸಾಲ ಇಲ್ಲ ಎಂದೂ ಹೇಳುತ್ತಾನೆ.

ಮೊದಲು ಅವನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಟಾಟಾ ಏಸ್. 2005ರಲ್ಲಿ ಆ ಗಾಡಿ ರಸ್ತೆಗೆ ಬಂದಾಗ ಅದರ ಬಂಡವಾಳ ಎರಡು ಸಿಲಿಂಡರಿನ 702 ಸಿಸಿ ಎಂಜಿನ್, 16 ಎಚ್‌ಪಿ, ಮುಕ್ಕಾಲು ಟನ್ ಭಾರ, ಅಷ್ಟೇ. ಅಷ್ಟರಲ್ಲೇ ದೇಶದ ಸಂದಿಗೊಂದಿಗಳಿಗೆಲ್ಲ ನುಗ್ಗಿತು. ಮಾದೇವಣ್ಣನಿಗೆ ಅದು ಅನ್ನ ಕೊಟ್ಟದ್ದು ಒಂದು ತೂಕವಾದರೆ, ‘ಜಾಗ ಇಲ್ಲ ಕಣಣ್ಣ’ ಎಂಬ ಮಾತು ಕೊಟ್ಟದ್ದೇ ಒಂದು ತೂಕ. ಭಾವಮೈದ ಬೀರು ಸಾಗಿಸಬೇಕು ಎಂದು ಬಂದರೆ ಗಾಡಿಯ ಕಡೆ ಕೈ ತೋರಿಸಿದರೆ ಸಾಕಿತ್ತು. ಬೀರು ಒಂದು ಕಡೆ, ಗಾಡಿ ಒಂದು ಕಡೆ ನಿಲ್ಲಿಸಿ ಯಾರು ಬೇಕಾದರೂ ಅಳೆಯಬಹುದಿತ್ತು. ಸಂಬಂಧ ಕೆಡದೆ ಇಲ್ಲ ಅನ್ನುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಅವನಿಗೆ ಸಿಕ್ಕಿತ್ತು, ಕಳೆದುಕೊಂಡ.

ಕಳೆದುಕೊಂಡದ್ದು ಅರಿಶಿನದ ದೆಸೆಯಿಂದ. ಈ ಭಾಗದ ಅರಿಶಿನದ ಕಣ್ಣು ಯಾವತ್ತೂ ಈರೋಡಿನ ಮೇಲೆ. ಹನೂರು, ರಾಮಾಪುರ, ಗರಿಕೆಕಂಡಿ ದಾಟಿ ಕಾಡಿನಲ್ಲಿ ಬರ್ಗೂರು ಹಾದು ಅಂತಿಯೂರಿಗೆ ಇಳಿಯುವ ದಾರಿಯಲ್ಲಿ ಅವನ ಏಸು ಏರು ಕಂಡಲ್ಲೆಲ್ಲ ಫಸ್ಟ್ ಗೇರಿಗೆ ಬೀಳುತ್ತಿತ್ತು. ಆನೆ ಅಡ್ಡ ಬಂದರೆ ಓಡಿಸಿಕೊಂಡು ಹೋಗುವಷ್ಟು ವೇಗವಿಲ್ಲ, ನಿಲ್ಲಿಸಿಕೊಂಡು ಕಾಯುವಷ್ಟು ಧೈರ್ಯವಿಲ್ಲ. ಹತ್ತು ಮೂಟೆ ಒಯ್ದರೆ ಇನ್ನು ಹತ್ತು ಮೂಟೆ ಮನೆಯಲ್ಲೇ ಉಳಿಯುತ್ತಿತ್ತು. ಎರಡನೇ ಸಲ ಹೋಗುವಷ್ಟರಲ್ಲಿ ರೇಟು ಬಿದ್ದಿರುತ್ತಿತ್ತು. ದೊಡ್ಡ ಗಾಡಿ ತರಬೇಕು ಎಂದು ತೀರ್ಮಾನ ಆಯಿತು.

ಯಾವುದು ಎಂಬುದನ್ನು ಮಾತ್ರ ಟೀ ಅಂಗಡಿಯ ಬೆಂಚು ತೀರ್ಮಾನಿಸಿತು. ಬೆಂಚಿನ ಮೇಲೆ ಗಾಡಿ ಇಲ್ಲದವರೇ ಹೆಚ್ಚು, ಹಾಗಾಗಿ ಅಭಿಪ್ರಾಯಕ್ಕೆ ಬರವಿರಲಿಲ್ಲ. ರಿಟೈರಾದ ಬಸ್ ಡ್ರೈವರೊಬ್ಬರು 1986ರಲ್ಲಿ ಬಂದ ಟಾಟಾ 407ರ ಪಕ್ಷ. “ಗಾಡಿ ಅಂದ್ರೆ ಅದು ಕಣಪ್ಪ, ಮಿಕ್ಕಿದ್ದೆಲ್ಲ ಆಟದ ಸಾಮಾನು” ಎಂದರು. ಡಿಪ್ಲೊಮಾ ಓದಿದ ಹುಡುಗ ಅಶೋಕ್ ಲೇಲ್ಯಾಂಡ್ ದೋಸ್ತ್ ಕಡೆ: 2011ರಲ್ಲಿ ಬಂದದ್ದು, ಮೂರು ಸಿಲಿಂಡರ್, ಒಂದೂಕಾಲು ಟನ್ ಎಂದು ಫೋನು ತೆಗೆಯದೆ ಒಪ್ಪಿಸಿದ. ಮಾದೇವಣ್ಣನ ಮಗನದ್ದು ಬೇರೆಯೇ ಲೋಕ. ಅವನಿಗೆ ಬಿಳಿ ಬೋರ್ಡಿನ, ನಾಲ್ಕು ಬಾಗಿಲಿನ ಇಸುಜು ವಿ-ಕ್ರಾಸೋ ಟೊಯೋಟಾ ಹೈಲಕ್ಸೋ ಬೇಕು. ಒಂದು 2016ರಲ್ಲಿ, ಇನ್ನೊಂದು 2022ರಲ್ಲಿ ಇಂಡಿಯಾಕ್ಕೆ ಬಂದವು. ಹಿಂದಿನ ಬಾಡಿ ಐದಡಿ ಆಸುಪಾಸು ಎಂದು ಕೇಳಿ ಅಪ್ಪ, “ಐದಡೀಲಿ ಏನ್ಲಾ ಹಾಕದು, ನಿನ್ನ ಹಾಕಿದ್ರೆ ಕಾಲು ಆಚೆಗ್ ಬತ್ತದ” ಎಂದು ಮುಗಿಸಿದ.

ಕೊನೆಗೆ ಅರಿಶಿನದ ಸಾವ್ಕಾರರು ಗ್ಲಾಸು ಕೆಳಗಿಟ್ಟು ಕೇಳಿದ್ದು ಒಂದೇ: “ಕಾಡೊಳಗ ನಿಂತೋದ್ರೆ ಹನೂರಲ್ಲಿ ಸ್ಪೇರು ಸಿಕ್ತದಾ?”

ಅಲ್ಲಿಗೆ ಚರ್ಚೆ ಬರಖಾಸ್ತು. ಕೊಳ್ಳೇಗಾಲ, ಹನೂರು, ಯಳಂದೂರಿನ ರೈತ ಬೆಲೆ ಕೇಳುತ್ತಾನೆ, ಮೈಲೇಜು ಕೇಳುತ್ತಾನೆ, ಆದರೆ ಗಾಡಿ ಕೊಳ್ಳುವುದು ಮೆಕ್ಯಾನಿಕ್ಕಿನ ಮುಖ ನೋಡಿ. ಬೊಲೆರೊ ಪಿಕಪ್ಪಿಗೆ ಕೈ ಹಾಕಬಲ್ಲ ಮೆಕ್ಯಾನಿಕ್ಕು ಪಕ್ಕದ ಬೀದಿಯಲ್ಲೇ ಇದ್ದ. ಎರಡೂವರೆ ಲೀಟರ್ ಎಂಜಿನ್, ಹದಿನೇಳು ಕ್ವಿಂಟಾಲ್ ಹೊರುವ ಪರವಾನಗಿ, ಒಂಬತ್ತಡಿ ಬಾಡಿ. ಶೋರೂಮಿನಲ್ಲಿ ಮಾದೇವಣ್ಣ ಎಂಜಿನ್ ಕಡೆ ನೋಡಲೇ ಇಲ್ಲ. ಹಿಂದಕ್ಕೆ ಹೋಗಿ ಗೇಣು ಹಾಕಿ ಬಾಡಿ ಅಳೆದ. ಹೆಂಡತಿಯ ಸರ ಅಡವಿಗೆ ಹೋಯಿತು, ಹಳದಿ ಬೋರ್ಡಿನ ಮೇಲೆ ಕೆಎ 10 ಬಂತು.

ಮೊದಲ ಪಯಣ ಬೆಟ್ಟಕ್ಕಲ್ಲದೆ ಇನ್ನೆಲ್ಲಿಗೆ? ಮುಂದಿನ ಗಾಜಿನ ಮೇಲೆ ಹುಲಿಯ ಮೇಲೆ ಕೂತ ಮಾದಪ್ಪ ಬಂದ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಬಂತು. ಮಾದಪ್ಪನ ಹುಲಿಗೆ ಎಫ್‌ಸಿ ಬೇಕಿಲ್ಲ. ಮಾದೇವಣ್ಣನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದಾಚೆಗೆ ವರ್ಷಾ ವರ್ಷಾ. ತಾಳುಬೆಟ್ಟದಿಂದ ಮೇಲಕ್ಕೆ ತಿರುವುಗಳನ್ನು ಗಾಡಿ ಸರಾಗ ಹತ್ತಿದ್ದು ನೋಡಿ ಅವನ ಕಣ್ಣಲ್ಲಿ ನೀರಾಡಿತು. ನೆಂಟರ ಕಣ್ಣಲ್ಲೂ ನೀರಾಡಿತು, ಆದರೆ ಅವರನ್ನು ಹಿಂದಗಡೆ ಕೂರಿಸಿಕೊಳ್ಳದೆ ಬಸ್ಸು ಹತ್ತಿಸಿದ್ದಕ್ಕೆ. ಸಾಮಾನಿನ ಗಾಡಿಯಲ್ಲಿ ಜನ ತುಂಬಬಾರದು ಎಂಬ ಕಾನೂನನ್ನು ಅವನು ಪಾಲಿಸುತ್ತಾನೆ. ಈ ಒಂದು ವಿಷಯದಲ್ಲಿ ಅವನಷ್ಟು ಗಟ್ಟಿ ಮನುಷ್ಯ ಸುತ್ತ ಹತ್ತೂರಲ್ಲಿ ಇಲ್ಲ ಎಂದು ಒಪ್ಪಲೇಬೇಕು. “ನಮಗಿಂತ ಮೂಟೆ ಹೆಚ್ಚಾಗೋಯ್ತಾ ನಿನಗ?” ಎಂದು ಅತ್ತೆ ಆಡಿದ ಮಾತು ಇವತ್ತಿಗೂ ಮನೆಯಲ್ಲಿ ಓಡಾಡುತ್ತಿದೆ.

ಊರಿಗೆ ಬಂದ ಮರುದಿನವೇ ಒಂಬತ್ತಡಿಯ ನಿಜವಾದ ಅಳತೆ ಗೊತ್ತಾಯಿತು. ಭಾವಮೈದ ಬೀರು ತಂದ. ಜಾಗ ಇತ್ತು. ಬೀರಿನ ಜೊತೆ ಮಂಚ, ಮಂಚದ ಜೊತೆ ಹಾಸಿಗೆ, ಆಗಲೂ ಜಾಗ ಇತ್ತು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಬಂದರೆ ಪಾತ್ರೆ, ಸೌದೆ, ಶಾಮಿಯಾನ. ಶಿವರಾತ್ರಿಗೆ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯಲ್ಲಿ ಊಟ ಹಾಕುವವರ ಅನ್ನದ ಕೊಪ್ಪರಿಗೆ. ಯಾರಿಗೂ ಬಾಡಿಗೆ ಕೇಳುವಂತಿಲ್ಲ. “ಡೀಸೆಲ್ ಹಾಕಿಸ್ಕೊ ಸಾಕು” ಎನ್ನುತ್ತಾರೆ. ಎಷ್ಟು ಡೀಸೆಲ್ ಎಂದು ಕೇಳುವಷ್ಟು ಒರಟು ಅವನಲ್ಲ ಎಂಬುದು ಅವರಿಗೆ ಗೊತ್ತು. ದೊಡ್ಡ ಗಾಡಿ ತಂದವನ ಮನಸ್ಸೂ ದೊಡ್ಡದಿರಬೇಕು ಎಂಬ ನಿಯಮ ಯಾವ ಮೋಟಾರು ವಾಹನ ಕಾಯ್ದೆಯಲ್ಲೂ ಇಲ್ಲ, ಊರಲ್ಲಿ ಇದೆ.

ಭಾರದ ವಿಷಯದಲ್ಲಿ ಮಾದೇವಣ್ಣನಿಗೆ ತನ್ನದೇ ತೂಕದ ಶಾಸ್ತ್ರ. ವೇ ಬ್ರಿಡ್ಜನ್ನು ನಂಬುವುದಿಲ್ಲ. ಹಿಂದಿನ ಟೈರಿನ ಪಕ್ಕೆ ನೆಲದ ಹತ್ತಿರ ಎಷ್ಟು ಉಬ್ಬಿದೆ ಎಂದು ಬಗ್ಗಿ ನೋಡಿ, ಅಂಗೈಯಲ್ಲಿ ತಟ್ಟಿ, “ಇನ್ನೆರಡು ಹಾಕಿ” ಎನ್ನುತ್ತಾನೆ. ಮುಸುಕಿನ ಜೋಳದ ಕಾಲದಲ್ಲಿ ಈ ‘ಇನ್ನೆರಡು’ ನಾಲ್ಕು ಸಲ ಕೇಳಿಸುತ್ತದೆ. 2019ರ ತಿದ್ದುಪಡಿಯಾದ ಮೇಲೆ ಕೇಂದ್ರದ ಕಾಯ್ದೆ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಇಟ್ಟಿದೆ. ಇದು ಅವನಿಗೆ ಬಾಯಿಪಾಠ. ಹಾಗಾಗಿ ಮೂಟೆ ಕಡಿಮೆ ಮಾಡಿದನೇ? ಇಲ್ಲ, ಹಿಂದೆ ಇನ್ನೊಂದು ಸ್ಪ್ರಿಂಗ್ ಪಟ್ಟಿ ಸೇರಿಸಿದ, ಗಾಡಿ ತಗ್ಗಿದ್ದು ಕಾಣದಿರಲಿ ಎಂದು.

ಪಟ್ಟಿ ಸೇರಿಸಿದ್ದರ ಫಲ ಅವನ ತಾಯಿಗೆ ತಟ್ಟಿತು. ಇಂಥ ಗಾಡಿಯ ಹಿಂಬದಿ ಪಟ್ಟಿಗಳು ಭಾರಕ್ಕೆಂದೇ ಬಿಗಿಯಾಗಿ ಕೂತವು. ಭಾರ ಬಿದ್ದರೆ ತೊಟ್ಟಿಲು, ಖಾಲಿ ಇದ್ದರೆ ಕಂಡ ಹಳ್ಳಕ್ಕೆಲ್ಲ ನೆಗೆತ. ಮಂಡಿನೋವಿಗೆ ಆಸ್ಪತ್ರೆಗೆಂದು ಹೊರಟ ಮುದುಕಿ ಇಳಿಯುವಷ್ಟರಲ್ಲಿ ಸೊಂಟನೋವನ್ನೂ ಸೇರಿಸಿಕೊಂಡಿದ್ದಳು. ಈಗ ಅವಳು ಕ್ಯಾಬಿನ್ನಿಗೆ ಹತ್ತುವ ಮೊದಲು ಹಿಂದಕ್ಕೆ ಹೋಗಿ ಇಣುಕುತ್ತಾಳೆ. ನಾಲ್ಕು ಮೂಟೆ ಮರಳಾದರೂ ಬಿದ್ದಿರಬೇಕು, ಇಲ್ಲವಾದರೆ “ಬಸ್ಸಿಗೇ ಒಂಟೋಯ್ತೀನಿ ಕಣಪ್ಪ, ಅದ್ರಲ್ಲಿ ನಂಗ ಟಿಕೇಟೂ ಫ್ರೀ” ಎನ್ನುತ್ತಾಳೆ. ಮರಳಿಗೆ ಮಾತ್ರ ಬಾಡಿಗೆ ಇಲ್ಲದೆ ಈ ಗಾಡಿ ಊರೂರು ತೋರಿಸಿದೆ ಎಂಬುದು ಬೆಂಚಿನವರ ಕುಹಕ. ನೆಂಟರ ಪಟ್ಟಿ ನೋಡಿದರೆ ಅದೂ ಪೂರ್ತಿ ನಿಜವಲ್ಲ.

ಭಾರವೇ ಇಲ್ಲದೆ ಗಾಡಿ ತುಂಬುವುದು ರೇಷ್ಮೆ ಗೂಡಿನ ದಿನ. ರಾಮನಗರದ ಮಾರುಕಟ್ಟೆಗೆ ನಾಲ್ಕು ಮನೆಯ ಗೂಡು ಒಟ್ಟಿಗೆ ಹೊರಡುತ್ತದೆ. ಗೂಡನ್ನು ಅಮುಕುವಂತಿಲ್ಲ, ಬಿಸಿ ತಾಗಿಸುವಂತಿಲ್ಲ, ಇವತ್ತು ಬೇಡ ನಾಳೆ ಎನ್ನುವಂತಿಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಎದ್ದು ಬರುತ್ತದೆ, ನೂಲು ಹೋಯಿತು. ಆ ರಾತ್ರಿ ಮಾದೇವಣ್ಣ ಬೇರೆ ಮನುಷ್ಯ. ಹಾರ್ನ್ ಮಾಡುವುದಿಲ್ಲ, ಹಾಡು ಹಾಕುವುದಿಲ್ಲ, ಹಂಪ್ ಬಂದರೆ ಬಾಣಂತಿ ಕೂತಿದ್ದಾಳೇನೋ ಎಂಬಂತೆ ಇಳಿಸುತ್ತಾನೆ. ಹರಾಜು ಶುರುವಾಗುವ ಮೊದಲೇ ಸೇರಿ, ಕೈ ಕಟ್ಟಿ ಮೂಲೆಯಲ್ಲಿ ನಿಲ್ಲುತ್ತಾನೆ. ರೇಟು ಬಂದರೆ ರೈತರ ಅದೃಷ್ಟ. ಬರದಿದ್ದರೆ ಗಾಡಿ ಎತ್ತಿಹಾಕಿದ್ದರಿಂದಲೇ ಗೂಡು ಹಾಳಾಯಿತು ಎಂದು ವಾಪಸು ಬರುವ ದಾರಿಯುದ್ದಕ್ಕೂ ಕೇಳಬೇಕು.

ಡ್ಯಾಶ್‌ಬೋರ್ಡಿನಲ್ಲಿ ಅವನ ಆಸ್ತಿ ಒಂದಿದೆ: ಲ್ಯಾಮಿನೇಷನ್ ಮಾಡಿಸಿದ ಪತ್ರಿಕೆಯ ತುಂಡು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಎಂದು ಹೇಳಿದ ಸುದ್ದಿ ಅದು. ಬ್ಯಾಡ್ಜ್ ಇಲ್ಲ ಎಂದು ಕಂಡ ಕಂಡ ಕಡೆ ಕೈಕಟ್ಟಿ ನಿಂತವನಿಗೆ ಅದು ಗಂಗಾಜಲ. ಯಾರೂ ಕೇಳದಿದ್ದರೂ ತೋರಿಸುತ್ತಾನೆ. ಇನ್ಶೂರೆನ್ಸ್ ಕಾಗದ ಕೇಳಿದರೂ ಅದನ್ನೇ ಮೊದಲು ತೆಗೆಯುತ್ತಾನೆ.

ಮೊನ್ನೆ ಅಣ್ಣನ ಮಗ ಟೆಕ್ಸಸ್ಸಿನಿಂದ ವಿಡಿಯೊ ಕಾಲ್ ಮಾಡಿದ್ದ. ಅವನೂ ಪಿಕಪ್ ತಗೊಂಡಿದ್ದಾನೆ, ಫೋರ್ಡ್ ಎಫ್-150. ಆ ಎಫ್ ಸರಣಿ 1948ರಿಂದ ಬಂದದ್ದು, 1977ರಿಂದ ಅಲ್ಲಿ ಅದರಷ್ಟು ಮಾರಾಟವಾಗುವ ಟ್ರಕ್ಕೇ ಇಲ್ಲ ಎಂದು ಹುಡುಗ ಹೆಮ್ಮೆಯಿಂದ ಗಾಡಿ ಸುತ್ತ ನಡೆಯುತ್ತ ತೋರಿಸಿದ. ಬೆಂಚಿನವರೆಲ್ಲ ಫೋನಿನ ಮೇಲೆ ಬಗ್ಗಿದರು.

“ಉದ್ದ ಎಷ್ಟದೆ ಮಗ?”

“ಹತ್ತೊಂಬತ್ತಡಿ ಚಿಕ್ಕಪ್ಪ.”

“ಅದ್ರಲ್ಲಿ ಬಾಡಿ?”

“ಐದೂವರೆ.”

ಮಾದೇವಣ್ಣ ಮೊದಲ ಸಲ ಟೈರು ಬಿಟ್ಟು ತಲೆ ಎತ್ತಿದ. “ಮಿಕ್ಕಿದ್ದು ಏನ್ ಮಾಡ್ತದ?”

ಮಿಕ್ಕಿದ್ದರಲ್ಲಿ ಐದು ಜನ ಕೂರುತ್ತಾರೆ, ಎಸಿ ಇದೆ, 400 ಎಚ್‌ಪಿಯ ಎಂಜಿನ್ ಇದೆ. ಎಚ್‌ಪಿ ಎಂದರೆ ಇಲ್ಲಿನವರಿಗೆ ಗೊತ್ತಿರುವುದು ಬೋರ್‌ವೆಲ್ಲಿನ ಲೆಕ್ಕದಲ್ಲಿ. ಏಳೂವರೆ ಎಚ್‌ಪಿ ಮೋಟರಾದರೆ ಐವತ್ತು ಮೂರು ಬೋರ್‌ವೆಲ್ ಎತ್ತಬಹುದು ಎಂದು ಡಿಪ್ಲೊಮಾ ಹುಡುಗ ಗುಣಿಸಿ ಹೇಳಿದ. ಬೆಂಚು ಗಂಭೀರವಾಯಿತು. ಅಷ್ಟು ಶಕ್ತಿ ಇಟ್ಟುಕೊಂಡು ಏನು ಹೊರುತ್ತೀ ಎಂದು ಕೇಳಿದರೆ, ಶನಿವಾರ ಅಂಗಡಿಯಿಂದ ತರಕಾರಿ, ಒಮ್ಮೆ ಸೋಫಾ ಎಂದ. ಅಲ್ಲಿನ ಹಳೆಯ ರೂಢಿಯಲ್ಲಿ ಆ ದರ್ಜೆಯ ಗಾಡಿಯನ್ನು ಅರ್ಧ ಟನ್ನಿನದ್ದು ಎಂದೇ ಕರೆಯುತ್ತಾರೆ, ಈಗ ಅದಕ್ಕಿಂತ ಜಾಸ್ತಿ ಹೊರುತ್ತದೆ ಎಂದು ಅವನು ವಿವರಿಸುತ್ತಿದ್ದಂತೆ ಮಾದೇವಣ್ಣ ಮತ್ತೆ ಕೂತು ಕಲ್ಲು ಕೀಳತೊಡಗಿದ. ಆಮೇಲೆ ನಿಧಾನಕ್ಕೆ ಕೇಳಿದ: “ಅಲ್ಲಿ ನೆಂಟ್ರು ಯಾರೂ ಕೇಳಾಕಿಲ್ವಾ?”

“ಇಲ್ಲಿ ಎಲ್ಲರ ಹತ್ರಾನೂ ಒಂದೊಂದು ಇರುತ್ತೆ ಚಿಕ್ಕಪ್ಪ.”

ಅದನ್ನು ಕೇಳಿ ಅವನಿಗೆ ಅಮೆರಿಕದ ಮೇಲೆ ಮೊದಲ ಬಾರಿ ಗೌರವ ಬಂತು.

ಮನೆಯ ಲೆಕ್ಕ ಮಾತ್ರ ಹೆಂಡತಿಯ ಕೈಲಿ. ಹೋದ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಾಲು ಎಳೆದಿದ್ದಾಳೆ. ಒಂದರಲ್ಲಿ ಬಾಡಿಗೆ ಕೊಟ್ಟವರು, ಇನ್ನೊಂದರಲ್ಲಿ ‘ಆಮೇಲೆ’ ಎಂದವರು. ಎರಡನೇ ಸಾಲಿಗೆ ಹಾಳೆ ಸಾಲದೆ ಮಾರ್ಚ್ ತಿಂಗಳನ್ನೂ ತಿರುವಿದ್ದಾಳೆ. ಕಂತು ಕಟ್ಟುವ ದಿನ ಬಂದರೆ ಆ ಹಾಳೆಯನ್ನು ಊಟದ ತಟ್ಟೆಯ ಪಕ್ಕ ಇಡುತ್ತಾಳೆ, ಉಪ್ಪಿನಕಾಯಿಯ ಹಾಗೆ.

ಹೀಗಿರುವಾಗ ಅವನ ತಲೆಗೆ ಹೊಸ ಹುಳು ಹೊಕ್ಕಿದೆ. ಬೊಲೆರೊ ಕಂಪನಿಯದೇ ಮ್ಯಾಕ್ಸ್ ಪಿಕಪ್ 2023ರಲ್ಲಿ ಹೊಸ ರೂಪದಲ್ಲಿ ಬಂದಿದೆ, ಎರಡು ಟನ್ ಹೊರುವುದೂ ಇದೆ, ಬಾಡಿ ಹತ್ತಡಿ. ಬೆಂಚಿನಲ್ಲಿ ಆಗಲೇ ಎರಡು ಪಕ್ಷ ಆಗಿವೆ. ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ವಿಷಯ ತೆಗೆದ: “ಒಂದಡಿ ಜಾಸ್ತಿ ಆದ್ರೆ ಈರೋಡಿಗೆ ಇನ್ನೂ ಮೂರು ಮೂಟೆ ಹಿಡಿತದ ಕಣಮ್ಮಿ.”

ಅವಳು ಸೌಟು ಕೆಳಗಿಡಲಿಲ್ಲ. “ಮೂಟೆ ಎಲ್ಲಿ ಹಿಡಿತದ? ಆ ಒಂದಡಿಗೆ ಯಳಂದೂರಿನ ನಿಮ್ಮ ದೊಡ್ಡವ್ವನ ಮಕ್ಕಳು ಆಗ್ಲೇ ಫೋನ್ ಮಾಡವ್ರೆ.”