ಹೇಗೂ ಇಂಜಿನ್ ಇಳಿಸಿದೀವಲ್ಲ

ಕನ್ನಡದಲ್ಲಿ ಅತಿ ದುಬಾರಿ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಹೇಗೂ’ ಅನ್ನುತ್ತೇನೆ. ಹೇಗೂ ಬಣ್ಣ ಹೊಡೆಸ್ತಿದೀವಿ, ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸಿಬಿಡೋಣ. ಹೇಗೂ ಚಿಕ್ಕಪೇಟೆವರೆಗೂ ಬಂದಿದೀವಿ, ಇನ್ನೊಂದು ಸೀರೆ ನೋಡೋಣ. ಅಮೆರಿಕದ ಫ್ರೀಮಾಂಟಿನ ನಮ್ಮ ಗರಾಜಿನಲ್ಲಿ, ಸೋನಾ ಮಸೂರಿ ಚೀಲಗಳಿಗೂ ಕೆಟ್ಟುಹೋದ ಟ್ರೆಡ್‌ಮಿಲ್ಲಿಗೂ ನಡುವೆ ಕೂತು ನಾನಂದದ್ದೂ ಅದೇ: ಹೇಗೂ ಇಂಜಿನ್ ಇಳಿಸಿದೀವಲ್ಲ, ಸ್ಟ್ರೋಕ್ ಒಂದಿಷ್ಟು ಹೆಚ್ಚಿಸಿಬಿಟ್ಟರೆ ಹೇಗೆ?

ಇಂಜಿನ್ನು ಯಮಾಹಾ ಬ್ಯಾನ್‌ಶೀಯದು. ನಾಲ್ಕು ಚಕ್ರ, ಬೈಕಿನ ಹ್ಯಾಂಡಲ್, ಕುದುರೆಯಂತೆ ಕಾಲು ಅಗಲಿಸಿ ಕೂರುವ ಸೀಟು. ರಸ್ತೆಗೆ ಇಳಿಸುವಂತಿಲ್ಲ, ಗುಡ್ಡ, ಮರಳು, ಧೂಳೇ ಗತಿ. ನನ್ನ ಅಮ್ಮ ಅದರ ಟಯರು ನೋಡಿ “ಗದ್ದೆ ಉಳೋಕಾ?” ಅಂದಿದ್ದರು. ನನ್ನ ಹೆಂಡತಿ ಏನೂ ಅನ್ನಲಿಲ್ಲ; ಅವಳು ಏನೂ ಅನ್ನದಿದ್ದಾಗಲೇ ನನಗೆ ಹೆಚ್ಚು ಭಯ.

ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನು ಕೊಂಡದ್ದಕ್ಕೆ ಕಾರಣ ಒಂದು ಅಂಕಿ: 64 × 54. ಸಿಲಿಂಡರಿನ ಬೋರು, ಅಂದರೆ ಒಳ ಅಗಲ, 64 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 54; ಅಂಥವು ಎರಡು, ಒಟ್ಟು 347 ಸಿಸಿ. ಎಂಬತ್ತರ ದಶಕದಲ್ಲಿ ಕಾಲೇಜು ಓದಿದವರಿಗೆ ಈ ಅಂಕಿ ಸಹಸ್ರನಾಮದಂತೆ ಬಾಯಿಪಾಠ. ಅದು 1983ರಲ್ಲಿ ನಮ್ಮ ದೇಶಕ್ಕೆ ಬಂದ ರಾಜದೂತ್ ಆರ್‌ಡಿ 350ರ ಅಳತೆ. ಆರ್‌ಡಿಯ ವಂಶ ಬೆಳೆದು, ನೀರಿನಿಂದ ತಣಿಯುವ ಇಂಜಿನ್ನಾಗಿ, ಎರಡು ಚಕ್ರ ಹೆಚ್ಚಿಸಿಕೊಂಡು 1987ರಲ್ಲಿ ಬ್ಯಾನ್‌ಶೀ ಆಯಿತು. ಬೋರು, ಸ್ಟ್ರೋಕು ಮಾತ್ರ ಒಂದು ಕೂದಲೂ ಬದಲಾಗಲಿಲ್ಲ. ಮೈಸೂರಿನಲ್ಲಿ ಆರ್‌ಡಿ ಬೇಕೆಂದು ನಾನು ಎರಡು ದಿನ ಊಟ ಬಿಟ್ಟಿದ್ದೆ. ಮೂರನೆಯ ದಿನ ಅಪ್ಪ “ಅದು ಕುಡಿಯೋ ಪೆಟ್ರೋಲಿಗೆ ಇಬ್ಬರನ್ನ ಓದಿಸಬಹುದು” ಅಂದು ಸೈಕಲ್ಲಿಗೆ ಹೊಸ ಬೆಲ್ಲು ಹಾಕಿಸಿಕೊಟ್ಟರು.

ಆ ಅಪ್ಪನೇ ಈಗ ಆರು ತಿಂಗಳ ವೀಸಾದ ಮೇಲೆ ನಮ್ಮ ಮನೆಯಲ್ಲಿದ್ದರು. ಅಮೆರಿಕಕ್ಕೆ ಬಂದ ತಂದೆತಾಯಿಗಳ ಆರು ತಿಂಗಳು ಹೇಗೆಂದು ಈ ಕಡೆಯವರಿಗೆಲ್ಲ ಗೊತ್ತು. ಮೊದಲ ತಿಂಗಳು ಗೋಲ್ಡನ್ ಗೇಟ್ ಸೇತುವೆ, ಎರಡನೆಯದು ಲಾಸ್ ವೇಗಸ್, ಉಳಿದ ನಾಲ್ಕು ತಿಂಗಳು ಕಿಟಕಿ. ಅಪ್ಪ ಕಿಟಕಿಯ ಹಂತ ತಲುಪಿದ್ದರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ, ದುಡಿದ ಮನುಷ್ಯ. ಗರಾಜಿನಿಂದ ‘ಟಕ್’ ಎಂದು ಸ್ಪ್ಯಾನರ್ ಬಿದ್ದ ಸದ್ದು ಕೇಳಿದ್ದೇ ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

“ಬಿಗ್ ಎಂಡ್ ಬೇರಿಂಗ್ ಹೋಗಿದೆ,” ಅಂದೆ.

“ಸದ್ದಲ್ಲೇ ಗೊತ್ತಾಗಿತ್ತು. ನೀನು ಕೇಳ್ತೀಯೇನೋ ಅಂತ ಮೂರು ವಾರದಿಂದ ಕಾಯ್ತಿದ್ದೆ.”

ಬ್ಯಾನ್‌ಶೀಯ ಕ್ರ್ಯಾಂಕಿನದು ಒಂದು ಫಜೀತಿ. ಆ ಬೇರಿಂಗ್ ಬದಲಿಸಲು ಕಾರಿನದರಂತೆ ನಟ್ಟು ಬಿಚ್ಚಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡ್ ಕೈಗೆತ್ತಿಕೊಳ್ಳಲಾಗದು. ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ ತುಂಡುಗಳ ನಡುವೆ ರಾಡು ಸಿಕ್ಕಿಕೊಂಡೇ ಇರುತ್ತದೆ. ಕ್ರ್ಯಾಂಕ್ ತರಿಸುವಾಗಲೇ ಯಾವ ರಾಡು ಎಂದು ಹೇಳಬೇಕು, ಆಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಸ್ಟ್ರೋಕನ್ನು 4 ಮಿಲಿಮೀಟರ್ ಹೆಚ್ಚಿಸಿ 58 ಮಾಡುವುದು ಅಂತಾಯಿತು, ಅಂದರೆ ಸುಮಾರು 373 ಸಿಸಿ. ಆದರೆ ರಾಡು? ಕಂಪನಿಯಿಂದ ಬಂದಾಗಿನ 110 ಮಿಲಿಮೀಟರ್ ಉದ್ದದ್ದೋ, 115ರದ್ದೋ?

ಆಫೀಸಿನಲ್ಲಿ ನಾನು ಚಿಪ್ ವಿನ್ಯಾಸ ಮಾಡುವವನು. ಆಗ ನಮ್ಮ ಲೆಕ್ಕವೆಲ್ಲ 45 ನ್ಯಾನೋಮೀಟರಿನದು. ಅಂಥ ಒಂದು ಲಕ್ಷವನ್ನು ಸಾಲಾಗಿ ಜೋಡಿಸಿದರೂ 5 ಮಿಲಿಮೀಟರ್ ತುಂಬುವುದಿಲ್ಲ. ಆ 5 ಮಿಲಿಮೀಟರ್ ನನ್ನ ಎರಡು ವಾರದ ನಿದ್ದೆ ತಿಂದಿತು. ರಾಡಿನ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿ ಕೋಷ್ಟಕ ಬರೆದೆ. ಮೊದಲಿನದು 2.04. ಹೊಸ ಸ್ಟ್ರೋಕಿಗೆ ಹಳೆಯ ರಾಡು ಹಾಕಿದರೆ 1.90ಕ್ಕೆ ಇಳಿಯುತ್ತದೆ, ಉದ್ದನೆಯದು ಹಾಕಿದರೆ 1.98. ಈ ಅಂಕಿ ಇಳಿದಷ್ಟೂ ರಾಡು ಹೆಚ್ಚು ಓರೆಯಾಗಿ ನಿಂತು ಪಿಸ್ಟನ್ನನ್ನು ಸಿಲಿಂಡರಿನ ಗೋಡೆಗೆ ಒತ್ತುತ್ತದೆ. ಕೋಷ್ಟಕವನ್ನು ಪ್ರಿಂಟ್ ಮಾಡಿ ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹುಡುಕಲೂ ಇಲ್ಲ.

“ಗಿಡ್ಡ ಕಾಲಿನೋನು ದೊಡ್ಡ ಹೆಜ್ಜೆ ಹಾಕಿದ್ರೆ ಏನಾಗುತ್ತೆ?”

“ಏನಾಗುತ್ತೆ?”

“ಪಂಚೆ ಹರಿಯುತ್ತೆ. ಉದ್ದಂದೇ ಹಾಕು.”

ಕ್ರ್ಯಾಂಕು, 115ರ ರಾಡು ಸಮೇತ, ರಾತ್ರಿ ಹನ್ನೊಂದಕ್ಕೆ ಆರ್ಡರ್ ಆಯಿತು. ಅಲ್ಲಿಗೆ ಮಲಗಬೇಕಿತ್ತು. ಒಂದು ಗಂಟೆಗೆ ಎದ್ದು ಪಿಸ್ಟನ್ ಆರಿಸಲು ಕೂತೆ.

ಪಿಸ್ಟನ್ನುಗಳಲ್ಲಿ ಎರಡು ಜಾತಿ, ಎರಕ ಹೊಯ್ದದ್ದು ಮತ್ತು ಒತ್ತಿ ಬಡಿದು ಮಾಡಿದ್ದು, ಅಂದರೆ ಫೋರ್ಜ್ಡ್. ಇಡ್ಲಿ ಮತ್ತು ರೊಟ್ಟಿ. ಎರಕದ್ದು ಬಿಸಿಯಾದಾಗ ಅಷ್ಟಾಗಿ ಹಿಗ್ಗದು, ಗೋಡೆಗೆ ಹತ್ತಿರವಾಗಿ ಸದ್ದಿಲ್ಲದೆ ಓಡುತ್ತದೆ, ಆದರೆ ತಡೆಯಲಾಗದಷ್ಟು ಹಿಂಸೆಯಾದರೆ ಚೂರಾಗುತ್ತದೆ. ಫೋರ್ಜ್ಡ್ ಗಟ್ಟಿ, ಆದರೆ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಜಾಗ ಬಿಟ್ಟೇ ಬೋರ್ ಮಾಡಿಸಬೇಕು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿ ತಕ್ಷಣ ಆಕ್ಸಿಲರೇಟರ್ ತಿರುಚಿದರೆ ಪಿಸ್ಟನ್ ಹಿಗ್ಗಿ, ಸಿಲಿಂಡರ್ ಇನ್ನೂ ತಣ್ಣಗಿದ್ದು, ಸೀಜ್. ನಾನು ಓಹಾಯೋದ ವೈಸ್ಕೋದವರ ಫೋರ್ಜ್ಡ್ ಪಿಸ್ಟನ್ ಆರಿಸಿದೆ. ಆರಿಸುವಾಗ ಮಾತ್ರ, ಹನ್ನೊಂದು ಗಂಟೆಯ ನಾನು 115ರವನು, ಒಂದು ಗಂಟೆಯ ನಾನು ಮತ್ತೆ 110ರವನು ಎಂಬುದು ನನಗೇ ತಿಳಿಯಲಿಲ್ಲ.

ತಿಳಿದದ್ದು ಜೋಡಿಸುವ ದಿನ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜ್ಜನ್ ಪಿನ್ ಹಾಕಿ, ಸಿಲಿಂಡರ್ ಇಳಿಸಿ, ಕ್ರ್ಯಾಂಕ್ ಕೈಯಲ್ಲೇ ತಿರುಗಿಸಿದೆವು. ಪಿಸ್ಟನ್ ಮೇಲೆ ಬಂತು. ಇನ್ನೂ ಬಂತು. ಸಿಲಿಂಡರಿನ ಬಾಯಿ ದಾಟಿ, ಬಿಲದಿಂದ ಇಲಿ ಇಣುಕಿದ ಹಾಗೆ, ಹೊರಗೆ ಬಂದು ನಿಂತಿತು. ರಾಡಿನಿಂದ 5 ಮಿಲಿಮೀಟರ್, ಸ್ಟ್ರೋಕಿನ ಹೆಚ್ಚಳದಲ್ಲಿ ಮೇಲಕ್ಕೆ ಬರುವ ಅರ್ಧ ಪಾಲು 2, ಒಟ್ಟು 7. ಉದ್ದ ರಾಡಿಗೆ ಪಿನ್ನಿನ ತೂತು 5 ಮಿಲಿಮೀಟರ್ ಮೇಲೆ ಕೊರೆದ ಪಿಸ್ಟನ್ನೇ ಬೇರೆ ಇದೆ. ನಾನು ತರಿಸಿದ್ದು ಮಾಮೂಲಿಯದು.

ಅಪ್ಪ ಆ ಇಣುಕಿದ ಪಿಸ್ಟನ್ನನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದರು. “ನಮ್ಮ ಜಾವಾ ಅರವತ್ತೈದು, ಎಪ್ಪತ್ತೈದು,” ಅಂದರು. “ಸ್ಟ್ರೋಕೇ ಎಪ್ಪತ್ತೈದು. ನೀನು ಇಷ್ಟೆಲ್ಲ ಡಾಲರ್ ಸುರಿದು ಐವತ್ತೆಂಟಕ್ಕೆ ಬಂದಿದೀಯ. ಆವತ್ತು ಜಾವಾ ಕೇಳಿದ್ದಿದ್ರೆ ಹದಿನೇಳು ಮಿಲಿಮೀಟರ್ ಪುಕ್ಕಟೆ ಸಿಗೋದು.”

ಹೊಸ ಪಿಸ್ಟನ್ ಬಂದವು. ಮಿಕ್ಕ 2 ಮಿಲಿಮೀಟರಿಗೆ ಜಾಗವಾಗುವಂತೆ ಹೆಡ್ಡಿನ ಒಳಭಾಗ ಕೆತ್ತಿಸಿದ್ದಾಯಿತು. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆ ನೋಡುತ್ತಿದೆಯೇ, ರಿಂಗಿನ ತುದಿಗಳು ಅದರ ಗೂಟಕ್ಕೆ ಸರಿಯಾಗಿ ಕೂತಿವೆಯೇ ಎಂದು ಅಪ್ಪ ಮೂರು ಸಲ ನೋಡಿದರು. ಟೂ ಸ್ಟ್ರೋಕಿನಲ್ಲಿ ರಿಂಗು ತಿರುಗಿದರೆ ತುದಿ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಸಿಕ್ಕಿ ಮುರಿಯುತ್ತದೆ. ಮೊದಲ ಸಲ ಸ್ಟಾರ್ಟಾದಾಗ ಬೀದಿಯಿಡೀ ಎಣ್ಣೆಯ ನೀಲಿ ಹೊಗೆ. ಎದುರುಮನೆಯ ಅಜ್ಜಿ ಕಿಟಕಿ ಹಾಕಿಕೊಂಡರು. ಅಪ್ಪ ಮೂಗು ಅರಳಿಸಿದರು.

ಮುಂದಿನ ಭಾನುವಾರ ಗಾಡಿಯನ್ನು ಟ್ರೇಲರಿಗೆ ಏರಿಸಿ ಇಂಥ ಗಾಡಿಗಳಿಗೆಂದೇ ಇರುವ ಕಾರ್ನೆಗಿ ಪಾರ್ಕಿಗೆ ಹೊರಟೆವು. ದಾರಿಯಲ್ಲಿ ಲಿವರ್‌ಮೋರಿನ ಶಿವ–ವಿಷ್ಣು ದೇವಸ್ಥಾನ. ಅಮ್ಮನ ಬೇಡಿಕೆಯಂತೆ ಗಾಡಿಯ ಹೆಸರಿನಲ್ಲಿ ಅರ್ಚನೆ. ನಕ್ಷತ್ರ ಕೇಳಿದಾಗ ಅಪ್ಪ ನನ್ನದೇ ಕೊಟ್ಟರು. ಅಲ್ಲಿಂದ ಟೆಸ್ಲಾ ರೋಡು. ಇದು ಕಾರಿನ ಹೆಸರಲ್ಲ, ನೂರು ವರ್ಷಕ್ಕೂ ಹಿಂದೆ ಆ ಕಣಿವೆಯಲ್ಲಿ ಟೆಸ್ಲಾ ಎಂಬ ಊರೇ ಇತ್ತು, ಅಲ್ಲಿ ಅಗೆಯುತ್ತಿದ್ದದ್ದು ಕಲ್ಲಿದ್ದಲು. ಈಗ ಹೊಗೆಯಿಲ್ಲದ ಕಾರಿನಲ್ಲಿ ಬಂದು ನನ್ನ ಟೂ ಸ್ಟ್ರೋಕಿಗೆ ಮೂಗು ಮುರಿಯುವ ಸಹೋದ್ಯೋಗಿಗಳಿಗೆ ಈ ವಿಷಯ ಆಗಾಗ ನೆನಪಿಸುತ್ತೇನೆ.

ಪಾರ್ಕಿನಲ್ಲಿ ಮೊದಲು ಅಪ್ಪನೇ ಕೂರಬೇಕು ಎಂದೆ. ಬೇಡ ಬೇಡ ಎನ್ನುತ್ತಲೇ ಹೆಲ್ಮೆಟ್ ಹಾಕಿಕೊಂಡರು. ಸೀಟಿನ ಮೇಲೆ ಸರಿಯಾಗಿ ಕೂತು, ಎಡಗಾಲಿನಿಂದ ಗೇರ್ ಲಿವರನ್ನು ಒಳಕ್ಕೆ ಒತ್ತಿದರು. ಅದು ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದರು. ಜಾವಾದಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್.

“ಅಪ್ಪ, ಇದರ ಕಿಕ್ಕರ್ ಬಲಗಡೆ ಇದೆ. ಬೇರೆ ಲಿವರ್.”

ಅಪ್ಪ ಬಗ್ಗಿ ಬಲಗಡೆ ನೋಡಿದರು, ಎಡಗಡೆ ನೋಡಿದರು, ಆಮೇಲೆ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನನ್ನು ನೋಡಿದರು.

“ಎರಡು ಲಿವರಿಗೆ ದುಡ್ಡು ಕೊಟ್ಟೆಯಾ?”