ಎತ್ತೊ ಅಂದರೆ ಎತ್ತಬೇಡಿ

ಇಟಲಿಯಲ್ಲಿರುವ ಮಗನ ಮನೆಗೆ ಹೊರಟ ಅಪ್ಪ-ಅವ್ವನ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿಯ ಸಂದಿಯಲ್ಲಿ ಒಂದು ಕಾಗದವೂ ಇರುತ್ತದೆ: ಅಂಗಡಿಯಲ್ಲಿ ಆಡಬೇಕಾದ ಐವತ್ತು ಇಟಾಲಿಯನ್ ಮಾತು. ಮಗ ಕಳಿಸಿದ್ದು, ಸೊಸೆ ತಿದ್ದಿದ್ದು, ಮೊಮ್ಮಗಳು ಫೋನಿನಲ್ಲಿ ಉಚ್ಚಾರ ಹೇಳಿಕೊಟ್ಟದ್ದು. ನನ್ನ ವಾದ ಇಷ್ಟೆ: ಆ ಐವತ್ತರಲ್ಲಿ ನಲವತ್ತೈದು ದಂಡ. ಉಳಿದ ಐದನ್ನು ಘತ್ತರಗಿಯಲ್ಲಿ ಕಾಯಿ-ಕರ್ಪೂರ ಕೊಂಡ ಪ್ರತಿಯೊಬ್ಬ ಅವ್ವನೂ ಕನ್ನಡದಲ್ಲೇ ಕಲಿತು ಮುಗಿಸಿದ್ದಾಳೆ. ಪಾಠ ಬೇಕಾಗಿರುವುದು ಪಟ್ಟಿ ಕಳಿಸಿದ ಮಗನಿಗೆ. ಅವನು ವ್ಯಾಪಾರ ಕಲಿತದ್ದು ಬೆಂಗಳೂರಿನ ಮಾಲಿನಲ್ಲಿ, ತಳ್ಳುಗಾಡಿ ದೂಡಿಕೊಂಡು, ಯಾರ ಮುಖವನ್ನೂ ನೋಡದೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಘತ್ತರಗಿ ಭೀಮಾ ದಂಡೆಯ ಊರು, ಭಾಗ್ಯವಂತಿ ದೇವಿಯ ನೆಲೆ. ಅಮಾವಾಸ್ಯೆ ಬಂತೆಂದರೆ ಆಳಂದ, ಜೇವರ್ಗಿ ಕಡೆಯಿಂದೆಲ್ಲ ಜನ. ಗುಡಿಯ ಮುಂದಿನ ಅಂಗಡಿಯಲ್ಲಿ ಕಾಯಿಯ ರಾಶಿ, ಕುಂಕುಮದ ಗುಡ್ಡ, ಹಸಿರು ಬಳೆಯ ಸರ. ಅಲ್ಲಿಗೆ ಬಂದವಳು ಸುಮ್ಮನೆ ಬಂದು ಕಾಯಿಗೆ ಕೈ ಹಾಕುವುದಿಲ್ಲ. ‘ಏನ್ರಿ ಯಕ್ಕಾ, ಆರಾಮದೀರಿ?’ ಎನ್ನುತ್ತಾಳೆ. ಆಮೇಲೆ ‘ಕಾಯಿ ಹೆಂಗ ಕೊಟ್ರಿ?’ ಇದು ಬರಿಯ ಸೌಜನ್ಯವಲ್ಲ, ಲೆಕ್ಕಾಚಾರವೂ ಹೌದು. ಯೋಗಕ್ಷೇಮ ಕೇಳಿದವಳಿಗೆ ಅದೇ ಬಾಯಲ್ಲಿ ಹೆಚ್ಚಿನ ರೇಟು ಹೇಳುವುದು ಯಾವ ಅಂಗಡಿಯವಳಿಗೂ ಕಷ್ಟ. ಇಟಲಿಯ ಸಣ್ಣ ಅಂಗಡಿಯ ರೀತಿಯೂ ಇದೇ. ಬಾಗಿಲು ದಾಟಿದ ಕೂಡಲೇ ‘ಬ್ವೊಂಜೋರ್ನೊ’ ಅನ್ನಬೇಕು, ಹೊತ್ತು ಇಳಿದ ಮೇಲೆ ‘ಬ್ವೊನಾಸೇರಾ’. ಅನ್ನದೆ ನುಗ್ಗಿದರೆ, ಕೆಮ್ಮದೆ ಮಂದಿಯ ಮನೆಯ ಪಡಸಾಲೆಗೆ ಬಂದ ಹಾಗೆ. ಸಿನಿಮಾ ನೋಡಿ ಕಲಿತ ‘ಚಾವೊ’ ಗೆಳೆಯರಿಗೆ ಮಾತ್ರ. ಗುರುತಿಲ್ಲದ ಸಾವಕಾರನಿಗೆ ಅದನ್ನು ಅನ್ನುವುದು ‘ಏನಲೇ’ ಅಂದದ್ದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಅವರಲ್ಲೂ ನೀನು-ನೀವು ಉಂಟು. ಗೆಳೆಯನಾದರೆ ‘ಸ್ಕೂಜಾ’, ಹಿರಿಯರಾದರೆ ‘ಸ್ಕೂಜಿ’. ಬದಲಾಗುವುದು ಕೊನೆಯ ಒಂದು ಸ್ವರ, ನಮ್ಮ ಕಡೆ ಒಂದು ‘ರೀ’ ಸೇರಿದ ಹಾಗೆ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ‘ಬೇಕು’ ಎಂಬ ಪದವನ್ನೇ ನೋಡಿ. ಇಟಾಲಿಯನ್ನಿನಲ್ಲಿ ‘ವೋಲ್ಯೊ’ ಅಂದರೆ ಬೇಕು. ವ್ಯಾಕರಣ ಸರಿ, ಆದರೆ ಕೇಳಿದವರಿಗೆ ಹಟಮಾರಿ ಕೂಸಿನ ದನಿ. ದೊಡ್ಡವರು ಅನ್ನುವುದು ‘ವೊರ್ರೇಯಿ’. ಪಟ್ಟಿಯಲ್ಲಿ ಇದಕ್ಕೆ ನಾಲ್ಕು ಸಾಲಿನ ವಿವರಣೆ ಇರುತ್ತದೆ. ಅವ್ವನಿಗೆ ಅದು ಬೇಡ. ಕಿರಾಣಿ ಅಂಗಡಿಯ ಮುಂದೆ ನಿಂತು ‘ಅರ್ಧ ಕಿಲೋ ಸಕ್ರಿ ಬೇಕಾಗಿತ್ರಿ’ ಅನ್ನುವಾಗ ಆಕೆ ಮಾಡುವುದೂ ಇದನ್ನೇ. ಸಕ್ಕರೆ ಬೇಕಾಗಿರುವುದು ಈಗ, ಕೇಳುವುದು ಭೂತಕಾಲದಲ್ಲಿ; ಬೇಡಿಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರೆ ಅದು ಕೇಳಿಕೆಯಾಗುತ್ತದೆ.

ಲೆಕ್ಕಕ್ಕೆ ಬರೋಣ. ಚೀಸಿನ ಅಂಗಡಿಯಲ್ಲಿ ನೂರು ಗ್ರಾಮಿಗೆ ‘ಎತ್ತೊ’ ಅನ್ನುತ್ತಾರೆ, ಇನ್ನೂರಕ್ಕೆ ‘ದೂಯೆ ಎತ್ತಿ’. ಕಲಬುರಗಿಯ ಕಿವಿಗೆ ಎರಡೂ ಹಮಾಲನಿಗೆ ಹೇಳಿದ ಮಾತು. ಅಪ್ಪ ಎತ್ತಲು ಹೋಗಬಾರದು. ಬೆಲೆಯ ಫಲಕ ಕೆಲವೊಮ್ಮೆ ಕಿಲೋಗಲ್ಲ, ಎತ್ತೊಗೆ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಸಂಖ್ಯೆಗಳಲ್ಲಿ ಏಳು ‘ಸೆತ್ತೆ’, ಎಂಟು ‘ಒತ್ತೊ’, ಒಂಬತ್ತು ‘ನೋವೆ’. ಒಂದು ಚೂರು ಚೀಸಿಗೆ ಒಂಬತ್ತು ಯೂರೋ ಕೊಟ್ಟವರಿಗೆ ಕೊನೆಯದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಪ್ತ, ಅಷ್ಟ, ನವ ಗೊತ್ತಿದ್ದವರು ಹೆದರಬೇಕಾಗಿಲ್ಲ. ಈ ಹೋಲಿಕೆಯನ್ನು ಮೊದಲು ಕಂಡವರಲ್ಲಿ ಫ್ಲಾರೆನ್ಸಿನ ಫಿಲಿಪ್ಪೊ ಸಾಸ್ಸೆತ್ತಿ ಒಬ್ಬ. 1580ರ ದಶಕದಲ್ಲಿ ಕೊಚ್ಚಿ, ಗೋವೆಯಲ್ಲಿದ್ದು, ಸಂಸ್ಕೃತದ ಆರು, ಏಳು, ಎಂಟು, ಒಂಬತ್ತು ನಮ್ಮವೇ ಇದ್ದ ಹಾಗಿವೆ ಎಂದು ಊರಿಗೆ ಕಾಗದ ಬರೆದ. ಅವನು ಇಲ್ಲಿಗೆ ಬಂದದ್ದು ಪಾಂಡಿತ್ಯಕ್ಕಲ್ಲ, ವ್ಯಾಪಾರಿಯಾಗಿ ಮೆಣಸು ಕೊಳ್ಳಲು ಎಂಬುದು ನನ್ನ ವಾದಕ್ಕೆ ಅನುಕೂಲ. ಒಂದು ಎಚ್ಚರ: ಅಲ್ಲಿ ಚುಕ್ಕೆ ಇರುವುದು ಸಾವಿರಕ್ಕೆ, ಅಲ್ಪವಿರಾಮ ಇರುವುದು ಪೈಸೆಗೆ. 1.250 ಎಂದು ಚೀಟಿ ಅಂಟಿಸಿದ ಬಂಗಾರದ ಸರವನ್ನು ಒಂದೂಕಾಲು ಯೂರೋ ಎಂದು ಹಿಗ್ಗಿದವರು ಗಲ್ಲಾದ ಬಳಿ ಹೋಗುವ ಮೊದಲು ಕುರ್ಚಿ ಹುಡುಕಿಕೊಳ್ಳಲಿ.

ಆಕ್ಷೇಪ ನನಗೆ ಗೊತ್ತು. ಘತ್ತರಗಿಯ ವ್ಯಾಪಾರವೆಂದರೆ ಚೌಕಾಸಿ, ಇಟಲಿಯಲ್ಲಿ ಬೆಲೆ ಖಾಯಂ. ಅಲ್ಲಿ ಅವ್ವ ಅರ್ಧಕ್ಕೆ ಕೇಳಿದರೆ ಸೊಸೆ ಮುಖ ಎಲ್ಲಿಡಬೇಕು? ಒಪ್ಪಿದೆ. ಹಳೆಯ ಸಾಮಾನಿನ ಸಂತೆಯಲ್ಲಿ ಕೇಳಬಹುದು, ಗಾಜಿನ ಬಾಗಿಲಿನ ಅಂಗಡಿಯಲ್ಲಿ ಕೂಡದು. ಆದರೆ ಅವ್ವನ ನಿಜವಾದ ಗುರಿ ಎಂದೂ ಬೆಲೆಯಲ್ಲ, ಕೊಸರು. ಕಾಯಿಪಲ್ಲೆ ತೂಗಿ ಮುಗಿದ ಮೇಲೆ ಮೇಲಿಷ್ಟು ಕರಿಬೇವು, ಕೊತ್ತಂಬರಿ ಬೀಳದಿದ್ದರೆ ವ್ಯಾಪಾರ ಆದಂತಲ್ಲ. ಈ ಕೊಸರಿಗೆ ಇಟಲಿಯಲ್ಲಿ ಹೆಸರೇ ಇದೆ: ‘ಒದೋರಿ’, ಪರಿಮಳಗಳು. ಗುರುತಿನ ಗಿರಾಕಿಗೆ ತರಕಾರಿಯವನು ಒಂದು ಕಡ್ಡಿ ಸೆಲೆರಿ, ನಾಲ್ಕೆಸಳು ತುಳಸಿಯಂಥ ಬಾಸಿಲಿಕೊ, ಒಂದು ಹಿಡಿ ಪ್ರೆತ್ಸೇಮೊಲೊ ಪುಕ್ಕಟೆ ಹಾಕಿಕೊಡುವುದು ಹಳೆಯ ರೂಢಿ. ಪ್ರೆತ್ಸೇಮೊಲೊ ನೋಡಲು ಥೇಟ್ ಕೊತ್ತಂಬರಿ, ಸಾರಿಗೆ ಹಾಕಿದ ಮೇಲೆ ಅಲ್ಲ. ಹಾಗಂತ ‘ಕೊರಿಯಾಂದೊಲಿ’ ಕೊಡಿ ಎಂದು ಬಹುವಚನದಲ್ಲಿ ಕೇಳಿದರೆ, ಅದು ಕಾರ್ನಿವಾಲಿನಲ್ಲಿ ತೂರುವ ಬಣ್ಣದ ಕಾಗದದ ಚೂರು. ಹಿಂದೆ ಸಕ್ಕರೆ ಲೇಪಿಸಿದ ಕೊತ್ತಂಬರಿ ಕಾಳನ್ನೇ ತೂರುತ್ತಿದ್ದರು, ಕಾಗದ ಬಂದರೂ ಹೆಸರು ಹೋಗಲಿಲ್ಲ. ಇನ್ನು ಸರ್ಕಾರವೂ ಕೊಸರು ಕೊಡುತ್ತದೆ. ಯೂರೋಪ್ ಒಕ್ಕೂಟದಾಚೆ ನೆಲೆಸಿದವರ ಬಿಲ್ಲು 70 ಯೂರೋ ದಾಟಿದರೆ ತೆರಿಗೆಯ ಒಂದು ಪಾಲು ವಾಪಸು. ಹೊರಡುವಾಗ ಕಸ್ಟಮ್ಸಿನ ಒಪ್ಪಿಗೆ ಬೇಕು. 2024ರ ಫೆಬ್ರುವರಿಗೆ ಮೊದಲು ಈ ಮಿತಿ 154.94 ಯೂರೋ ಇತ್ತು, ಹಳೆಯ ಮೂರು ಲಕ್ಷ ಲೀರಾದ ಪಳೆಯುಳಿಕೆ. ಅಲ್ಲೇ ನೆಲೆಸಿದ ಮಗನಿಗೆ ಈ ಹಕ್ಕಿಲ್ಲ, ನೋಡಲು ಬಂದ ಅಪ್ಪನಿಗುಂಟು. ಚರ್ಮದ ಚೀಲದ ಅಂಗಡಿಯಲ್ಲಿ ಅಪ್ಪನಿಗೆ ಒಮ್ಮೆಲೇ ಬೆಲೆ ಬರುವುದು ಅದಕ್ಕೇ. ಜನವರಿ, ಜುಲೈಯಲ್ಲಿ ಶುರುವಾಗುವ ರಿಯಾಯಿತಿ ಮಾರಾಟಕ್ಕೆ ಅಲ್ಲಿ ‘ಸಾಲ್ದಿ’ ಎಂದು ಹೆಸರು. ಕನ್ನಡದಲ್ಲಿ ಓದಿಕೊಂಡರೂ ಪರಿಣಾಮ ಅದೇ.

ಫೋನು ಅನುವಾದ ಮಾಡುತ್ತದಲ್ಲ ಎಂಬವರಿಗೆ: ಮಾಡುತ್ತದೆ, ಮುಖ ಎತ್ತುವುದಿಲ್ಲ. ಪರದೆಯನ್ನು ಅಂಗಡಿಯವನ ಮೂಗಿಗೆ ಹಿಡಿಯುವ ಮಗನಿಗಿಂತ ‘ಬ್ವೊಂಜೋರ್ನೊ’ ಅಂದು ಬೆರಳು ತೋರಿಸಿ ‘ಕ್ವಾಂತೊ ಕೋಸ್ತಾ?’ ಎನ್ನುವ ಅವ್ವನಿಗೆ ಬೇಗ ಸಾಮಾನು ಸಿಗುತ್ತದೆ. ಸಾಕಾದರೆ ‘ಬಾಸ್ತಾ’. ನಾವು ‘ಬಸ್ ಮಾಡ್ರಿ’ ಅನ್ನುವವರು, ಅರ್ಧ ಪದ ಆಗಲೇ ಬಾಯಲ್ಲಿದೆ.

ನನ್ನ ವಾದ ಸೋಲುವುದು ಒಂದೇ ಕಡೆ, ಕೈಯ ವಿಷಯದಲ್ಲಿ. ಕಾಯಿಯನ್ನು ಕಿವಿಗೆ ಹಿಡಿದು ಅಲುಗಾಡಿಸಿ, ಬದನೆಕಾಯಿ ಹಿಚುಕಿ, ಬೆಂಡೆಯ ತುದಿ ಮುರಿದು ನೋಡಿದ ಕೈಗೆ ಇಟಲಿ ಜೈಲಿದ್ದಂತೆ. ಸಣ್ಣ ಅಂಗಡಿಯಲ್ಲಿ ತರಕಾರಿ ಆರಿಸುವುದು ಅಂಗಡಿಯವನ ಅಧಿಕಾರ. ಮುಟ್ಟಲೇಬೇಕಾದರೆ ಮೊದಲು ‘ಪೊಸ್ಸೊ?’ ಅನ್ನಬೇಕು, ಅಂದರೆ ‘ಮುಟ್ಟಲೇನ್ರಿ?’ ಸೂಪರ್ ಮಾರ್ಕೆಟ್ಟಿನಲ್ಲಿ ಅಲ್ಲೇ ಇಟ್ಟಿರುವ ತೆಳು ಕೈಗವಸು ಹಾಕಿಕೊಂಡೇ ಟೊಮ್ಯಾಟೊ ಆರಿಸಬೇಕು, ಹಲವು ಕಡೆ ತಾವೇ ತೂಗಿ ಚೀಟಿ ಅಂಟಿಸಬೇಕು. ತರಕಾರಿ ತುಂಬುವ ಪುಟ್ಟ ಚೀಲಕ್ಕೂ 2018ರಿಂದ ದುಡ್ಡು. ಚೀಟಿ ಮರೆತು ಗಲ್ಲಾಕ್ಕೆ ಬಂದವರನ್ನು ವಾಪಸು ಕಳಿಸುತ್ತಾರೆ, ಹಿಂದಿನ ಸಾಲಿನಲ್ಲಿ ಹತ್ತು ಜನ ನಿಟ್ಟುಸಿರು ಬಿಡುತ್ತಾರೆ. ನಿಟ್ಟುಸಿರಿಗೆ ಅನುವಾದ ಬೇಕಿಲ್ಲ.

ಕೊಳ್ಳಲಿ ಬಿಡಲಿ, ಹೊರಡುವಾಗ ‘ಗ್ರಾತ್ಸಿಯೆ, ಅರ್ರಿವೆದೇರ್ಚಿ’ ಅನ್ನಬೇಕು. ಮತ್ತೆ ಕಾಣುವ ತನಕ ಎಂದು ಅದರ ಅರ್ಥ. ‘ಹೋಗ್ತೀನಿ’ ಅನ್ನದೆ ‘ಬರ್ತೀನ್ರಿ’ ಅಂದು ಹೊರಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಮಿಲಾನಿನಲ್ಲಿರುವ ಮಕ್ಕಳಲ್ಲಿ ಒಂದು ವಿನಂತಿ: ಪಟ್ಟಿ ಕಳಿಸುವುದನ್ನು ನಿಲ್ಲಿಸಿ. ಮುಂದಿನ ಸಲ ಊರಿಗೆ ಬಂದಾಗ ಒಂದು ಅಮಾವಾಸ್ಯೆ ಘತ್ತರಗಿಗೆ ಹೋಗಿ, ಫೋನು ಜೇಬಿನಲ್ಲಿಟ್ಟು, ಅವ್ವನ ಹಿಂದೆ ನಿಂತು ಒಂದು ಕಾಯಿ ಕೊಂಡುಬನ್ನಿ.