ಮನೇಲೇ ಇರ್ತಾಳಲ್ಲ!

ನಮ್ಮ ಶಿರಸಿ ಸೀಮೆಯಲ್ಲಿ ಕೆಲಸ ಎಂದರೆ ಒಂದೋ ತೋಟಕ್ಕೆ ಇಳಿಯಬೇಕು, ಇಲ್ಲವೇ ಬಸ್ಸು ಹತ್ತಬೇಕು. ಮೂರನೆಯದೊಂದು ಬಗೆ ಇದೆ ಎಂದು ಊರು ಇನ್ನೂ ಒಪ್ಪಿಲ್ಲ. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಪೇಟೆಗೆ ಹೋದವರು ದಿನವಿಡೀ ಚಾ ಕುಡಿದು ಹರಟೆ ಹೊಡೆದು ಬಂದರೂ ‘ಪಾಪ, ದುಡಿದು ದಣಿದು ಬಂದ’. ನಾನು ಒಳಗಿನ ಕೋಣೆಯಲ್ಲಿ ಕೂತು, ಬೆಂಗಳೂರಿನ ಯಾರದೋ ಕರಾರುಪತ್ರದ ಐವತ್ತು ಪುಟ ತಿದ್ದಿ, ಮಧ್ಯೆ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ವಿಡಿಯೋದಲ್ಲಿ ಹಾಜರಾಗಿ ಎದ್ದರೂ ‘ಅವಳಿಗೆಂತ, ಮನೇಲೇ ಇರ್ತಾಳಲ್ಲ!’ ಶಾಲೆಯಲ್ಲಿ ಟೀಚರು ಅಪ್ಪ ಅಮ್ಮ ಏನು ಮಾಡುತ್ತಾರೆಂದು ಕೇಳಿದ್ದಕ್ಕೆ ನನ್ನ ಮಗಳು, ‘ಅಪ್ಪ ತೋಟ ಮಾಡ್ತಾರೆ, ಆಯಿ ಕಂಪ್ಯೂಟರ್ ನೋಡ್ತಾಳೆ’ ಎಂದಳಂತೆ. ಸ್ವಂತ ಮಗಳೇ ಪ್ರತಿಕೂಲ ಸಾಕ್ಷಿಯಾದ ಮೇಲೆ ಪಾಟೀಸವಾಲು ಯಾರಿಗೆ ಮಾಡುವುದು?

ಸಾಕ್ಷ್ಯ ಒದಗಿಸಲು ನಾನೇನು ಪ್ರಯತ್ನ ಮಾಡಿಲ್ಲವೆಂದಲ್ಲ. ಆದರೆ ನನ್ನ ದುಡಿಮೆಯೆಲ್ಲ ವಿದ್ಯುನ್ಮಾನ ದಾಖಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಅದಕ್ಕೆ ಪರಿಣತರೊಬ್ಬರ ಸಹಿಯೂ ಬೇಕು. ನಮ್ಮ ಮನೆಯಲ್ಲಿ ಯಾವುದು ಕೆಲಸ, ಯಾವುದು ಅಲ್ಲ ಎಂಬ ವಿಷಯದಲ್ಲಿ ಪರಿಣತರೆಂದರೆ ಅತ್ತೆ. ಅವರು ಸಹಿ ಹಾಕುವುದಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ‘ತಂಗಿ, ಕೈ ಖಾಲಿ ಇದ್ದಾ?’ ಎನ್ನುತ್ತಾರೆ. ಕೀಬೋರ್ಡಿನ ಮೇಲೆ ಹತ್ತೂ ಬೆರಳು ಓಡುತ್ತಿದ್ದರೂ ಅವರ ಲೆಕ್ಕದಲ್ಲಿ ಕೈ ಖಾಲಿಯೇ. ಸೌಟಿಲ್ಲ, ಕತ್ತಿಯಿಲ್ಲ, ಕಸಬರಿಗೆಯಿಲ್ಲ.

ಅವರನ್ನು ದೂರಿ ಫಲವಿಲ್ಲ. ಅವರ ಕಾಲದ ಹೈಕೋರ್ಟ್ ಎಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಸಂಬಂಧಿಕರ ಮನೆಯಲ್ಲಿ ಮಿಂದು, ವಕೀಲರ ಹಿಂದೆ ಕಡತ ಹಿಡಿದು ಓಡುವಂಥದ್ದು. ಕೇಸು ಸೋತರೂ ತಿರುಗಾಟದ ದಣಿವಿನಲ್ಲಿ ಒಂದು ಘನತೆ ಇರುತ್ತಿತ್ತು. ಧಾರವಾಡದಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಆಗ ದಾರಿ ನೂರು ಚಿಲ್ಲರೆ ಕಿಲೋಮೀಟರಿಗೆ ಇಳಿಯಿತು. 2020ರಲ್ಲಿ ಕೊರೋನಾ ಬಂದು ವಿಡಿಯೋ ವಿಚಾರಣೆ ಶುರುವಾದ ಮೇಲೆ ಅದು ಅಡುಗೆಮನೆಯಿಂದ ಏಳೆಂಟು ಹೆಜ್ಜೆಗೆ ಇಳಿದಿದೆ. ಇಷ್ಟು ಹತ್ತಿರ ಇರುವ ಕೋರ್ಟಿಗೆ ಯಾರು ತಾನೇ ಮರ್ಯಾದೆ ಕೊಡುತ್ತಾರೆ?

ಅನುಕೂಲಗಳೂ ಇಲ್ಲದಿಲ್ಲ. ಆಷಾಢದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ತಂತಿಯಲ್ಲಿ ಮಾತ್ರ. ನನ್ನ ಬಿಳಿ ಬ್ಯಾಂಡೂ ಅಲ್ಲೇ, ಮಾವನ ಪಂಚೆ ಮತ್ತು ಅಡಿಕೆ ಮರ ಹತ್ತುವ ಕೊನೆಗೌಡನಿಗೆಂದು ಇಟ್ಟ ಗೋಣಿಯ ನಡುವೆ ತೂಗುತ್ತದೆ. ಅದನ್ನು ಕೊರಳಿಗೆ ಕಟ್ಟಿ ಕರಿಕೋಟು ತೊಟ್ಟರೆ ಇಡೀ ಕೋಣೆ ಹೊಗೆಯ ಘಮಲು. ವಿಡಿಯೋದಲ್ಲಿ ವಾಸನೆ ಹೋಗುವುದಿಲ್ಲ ಎನ್ನುವುದು ಈ ವ್ಯವಸ್ಥೆಯ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಬೆಕ್ಕು ಮಾತ್ರ ಹೋಗುತ್ತದೆ. 2021ರಲ್ಲಿ ಅಮೆರಿಕದ ಟೆಕ್ಸಾಸಿನ ವಕೀಲರೊಬ್ಬರು ಯಾವುದೋ ಫಿಲ್ಟರಿನ ದೆಸೆಯಿಂದ ಬೆಕ್ಕಿನ ಮುಖ ಹೊತ್ತು ನ್ಯಾಯಾಧೀಶರ ಮುಂದೆ ಕಾಣಿಸಿಕೊಂಡು, ತಾನು ಬೆಕ್ಕಲ್ಲ ಎಂದು ಗೋಗರೆದದ್ದು ಲೋಕಕ್ಕೆಲ್ಲ ಗೊತ್ತು. ನಮ್ಮದು ಅಸಲಿ ಬೆಕ್ಕು. ಸ್ಥಗಿತಾದೇಶ ಕೇಳುವ ಹೊತ್ತಿಗೇ ಅದಕ್ಕೆ ಮೇಜಿನ ಮೇಲೆ ಕೆಲಸ ಬೀಳುತ್ತದೆ.

ಬೆಕ್ಕಿಗಿಂತ ದೊಡ್ಡ ಅಡ್ಡಿ ಗುಡುಗು. ಮಲೆನಾಡಿನಲ್ಲಿ ಇಂಟರ್‌ನೆಟ್ ಇರುವ ಯಾವ ಮನೆಯನ್ನೇ ಕೇಳಿ, ಮೋಡೆಮ್ಮು ಸುಟ್ಟ ಕಥೆ ಇದ್ದೇ ಇರುತ್ತದೆ. ಹಾಗಾಗಿ ಪಡುವಣದಲ್ಲಿ ಮೋಡ ಗುಡುಗುಟ್ಟಿದೊಡನೆ ಪ್ಲಗ್ಗು ಕೀಳುವುದು ನಮ್ಮಲ್ಲಿ ಸಂಧ್ಯಾವಂದನೆಯಷ್ಟೇ ಕಟ್ಟುನಿಟ್ಟು. ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ಕೋರ್ಟಿಗೆ ಇನ್ನೂ ಬೇಸಿಗೆ ರಜೆ ಬಿದ್ದಿರಲಿಲ್ಲ. ಬೆಳಗಿನಿಂದ ಕಾದಿದ್ದ ನನ್ನ ಕೇಸು ಮೂರೂವರೆಗೆ ಬಂತು. ದಾರಿ ಹಕ್ಕಿನ ವಿಚಾರ. ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದು ಓಡಾಡಿದ ದಾರಿ ಅದನ್ನು ಬಳಸಿದವರಿಗೆ ಸಲ್ಲಬೇಕೆಂದು 1882ರ ಅನುಭೋಗದ ಹಕ್ಕುಗಳ ಕಾಯ್ದೆ ಹೇಳುತ್ತದೆ. ನಾನು, ‘ಮೈ ಲಾರ್ಡ್, ಈ ದಾರಿಯನ್ನು ಏಕಾಏಕಿ ಬಂದ್ ಮಾಡಲು ಎದುರುದಾರರಿಗೆ’ ಎನ್ನುವಷ್ಟರಲ್ಲಿ ದೂರದಲ್ಲೊಂದು ಗುಡುಗು. ಮರುಕ್ಷಣ ಪರದೆ ಕಪ್ಪು. ಜಗಲಿಗೆ ಓಡಿಬಂದು ನೋಡಿದರೆ ಮಾವ ಪ್ಲಗ್ಗು ಹಿಡಿದು ನಿಂತಿದ್ದಾರೆ.

‘ಮಾವ, ಕೋರ್ಟ್ ನಡೀತಾ ಇತ್ತು!’

‘ಮೋಡೆಮ್ಮು ಸುಟ್ರೆ ನಿನ್ನ ಹೈಕೋರ್ಟು ಹೊಸಾದು ಕೊಡ್ತಾ?’

ಈ ಪ್ರಶ್ನೆಗೆ ಯಾವ ತೀರ್ಪಿನಲ್ಲೂ ಉತ್ತರವಿಲ್ಲ. ಮೊಬೈಲು ಹಿಡಿದು ನೆಟ್‌ವರ್ಕ್ ಸಿಗುವ ಹಿತ್ತಿಲ ದರೆ ಹತ್ತಿ, ಕರಿಕೋಟಿನಲ್ಲಿಯೇ ಗೇರುಮರದ ಬುಡದಲ್ಲಿ ನಿಂತು ಮತ್ತೆ ಒಳಸೇರುವಷ್ಟರಲ್ಲಿ ಕೇಸನ್ನು ಎರಡು ವಾರ ಮುಂದಕ್ಕೆ ಹಾಕಿಯಾಗಿತ್ತು. ಕಾರಣ ನಾನಲ್ಲ. ಎದುರುದಾರರಿಗೆ ನೋಟಿಸೇ ತಲುಪಿರಲಿಲ್ಲ.

ಕಲಾಪದ ನೇರ ಪ್ರಸಾರ ಯೂಟ್ಯೂಬಿನಲ್ಲಿ ಬರತೊಡಗಿದಾಗ ನನಗೆ ಹೋದ ಜೀವ ಬಂದಂತಾಗಿತ್ತು. ಇನ್ನು ಮನೆಯವರೇ ಕಣ್ಣಾರೆ ನೋಡಲಿ! ಅತ್ತೆಗೆ ಮೊಬೈಲಿನಲ್ಲಿ ಹಾಕಿಕೊಟ್ಟು ಕೋಣೆ ಸೇರಿದೆ. ಅವರು ಅವರೆಕಾಯಿ ಸುಲಿಯುತ್ತ ಊಟದ ಹೊತ್ತಿನವರೆಗೂ ನೋಡಿದರು. ನನ್ನ ಸರದಿ ಬಂದು ನಾನು ಎರಡು ವಾಕ್ಯ ಹೇಳಿದೆ, ಮುಂದಿನ ದಿನಾಂಕ ಸಿಕ್ಕಿತು. ‘ಇಷ್ಟು ಹೇಳಲೆ ಇಷ್ಟೊತ್ತು ಕಾದ್ಯಾ?’ ಎಂದು ಅವರು ಮರುಕದಿಂದ ಕೇಳಿದರು. ಅವರ ಮುಂದೆ ಸುಲಿದ ಕಾಳು ಒಂದು ಬುಟ್ಟಿಯಿತ್ತು. ಆ ಹೊತ್ತಿನಲ್ಲಿ ಯಾರ ಕೆಲಸ ಹೆಚ್ಚು ಸಾಗಿತ್ತು ಎಂಬುದರಲ್ಲಿ ವಿವಾದವೇ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿ, ಹೈಕೋರ್ಟು ಕೆಲ ದಿನ ಈ ಸೌಲಭ್ಯವನ್ನೇ ನಿಲ್ಲಿಸಿದಾಗ, ಧಾರವಾಡದ ಬಸ್ಸು ಹತ್ತಿದ ನನ್ನನ್ನು ಊರವರು ಎಷ್ಟು ಗೌರವದಿಂದ ಕಂಡರೆಂದರೆ, ಕಂಡಕ್ಟರು ಕೂಡ ಸೀಟು ಬಿಡಿಸಿಕೊಟ್ಟ.

ಹಾಗೆಂದು ಊರಿಗೆ ನನ್ನ ಕಾನೂನಿನ ಮೇಲೆ ನಂಬಿಕೆ ಇಲ್ಲವೇ? ಬೇಕಾದಷ್ಟಿದೆ. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ. ವಕೀಲರ ಮಾವಂದಿರಿಗೆ ಅದು ಅನ್ವಯಿಸುವುದಿಲ್ಲ. ಸೊಸೈಟಿಯಲ್ಲಿ ಅಡಿಕೆ ದರ ವಿಚಾರಿಸುತ್ತ ಮಾವ, ‘ನಮ್ಮನೆ ಹುಡುಗಿ ಇದ್ದಲ, ಬನ್ನಿ’ ಎಂದುಬಿಡುತ್ತಾರೆ. ಸರಿ, ಪಹಣಿ, ಪೋಡಿ ನಕ್ಷೆ, ಬೆಟ್ಟದ ಹದ್ದಿನ ತಕರಾರು, ಎಲ್ಲ ಜಗಲಿಗೆ. ಮೀಟಿಂಗಿನಲ್ಲಿದ್ದೇನೆ ಎಂದರೆ, ‘ಮುಗಿಸ್ಕೊಂಡು ಬಾ, ನಂಗೇನು ಗಡಿಬಿಡಿ ಇಲ್ಲೆ’ ಎಂದು ಬಂದವರು ಕವಳ ಹಾಕಿ ಕೂರುತ್ತಾರೆ. ಫೀಸು ಮೊಗೆಕಾಯಿ, ಇಲ್ಲವೇ ಹಲಸಿನ ಹಪ್ಪಳ. ಪ್ರತಿಫಲ ಸಾಲದು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗದು ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರಲು ಒಪ್ಪಿದವನ ಉದಾಹರಣೆ ಅದರಲ್ಲೇ ಇದೆ. ಆ ಕುದುರೆ ಮಾರಿದವನೂ ಬಹುಶಃ ಹಳ್ಳಿಯಲ್ಲಿದ್ದ ವಕೀಲನೇ ಇರಬೇಕು.

ಮೊನ್ನೆ ಒಬ್ಬರು ಬಂದಿದ್ದರು. ಹಿಸ್ಸೆ ಮಾಡಬೇಕು, ತಂಗಿಗೆ ಪಾಲು ಕೊಡದೆ ಹೇಗೆ ಎಂಬುದು ಅವರ ಸರಳ ಪ್ರಶ್ನೆ. ‘ಅವಳ ಮದುವೆ ಯಾವತ್ತೋ ಆಯ್ದು’ ಎಂದರು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಹಾಗೆ ಹೊರಗಿಡಲಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಹಿಸ್ಸೆ ಆಗಿದ್ದರೆ ಬೇರೆ ಮಾತು ಎಂದು ನಾನು ವಿವರಿಸಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡು, ತಂದ ಮೊಗೆಕಾಯಿಯನ್ನು ಕೊಡುವುದೋ ಬಿಡುವುದೋ ಎಂದು ಒಂದು ಕ್ಷಣ ಅನುಮಾನಿಸಿ, ಇಟ್ಟುಹೋದರು.

ಅವರು ಗೇಟು ದಾಟಿದ್ದೇ ತಡ, ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮದುವೆ 1978ರದ್ದು. ತವರಿನಲ್ಲಿ ಇನ್ನೂ ಹಿಸ್ಸೆಯಾಗಿಲ್ಲ. ‘ಯಂಗೂ ಬರ್ತಾ?’ ಎಂದರು. ಬರುತ್ತದೆ ಎಂದೆ. ಬಾಗಿಲು ಮುಂದೆ ಮಾಡಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಮಾವ ಊಟಕ್ಕೆ ಕರೆದಾಗ ಒಳಗಿನಿಂದಲೇ, ‘ಕೂಸಿಗೆ ಕೆಲಸ ಇದ್ದು, ತಡೀರಿ’ ಎಂದರು.

ಇಷ್ಟಾದರೂ ಮರುದಿನದಿಂದ ಹಾಲು ಕಾಯುವ ಕೆಲಸ ನನ್ನದೇ. ಆದ್ದರಿಂದ ಜಗಲಿಗೆ ಬರುವ ಕಕ್ಷಿದಾರರಲ್ಲಿ ನನ್ನ ಅರಿಕೆ ಇಷ್ಟು: ಹತ್ತೂವರೆಯಿಂದ ಒಂದೂವರೆ ಬಿಟ್ಟು ಬನ್ನಿ, ದಾಖಲೆಗಳ ನಕಲು ತನ್ನಿ, ತಂಗಿಯ ಪಾಲು ತಪ್ಪಿಸುವ ಉಪಾಯ ಕೇಳಬೇಡಿ. ಮೊಗೆಕಾಯಿ ನಮ್ಮ ಹಿತ್ತಿಲಲ್ಲೇ ಬೇಕಷ್ಟು ಬೆಳೆಯುತ್ತದೆ.